7 ಟೆಸ್ಲಾ, 8 ಚಾನೆಲ್ ತಲೆಯ ಕಾಯಿಲ್: ಎಸ್‌ಎಆರ್ ಲೆಕ್ಕ ಬೇಗ ಮುಗಿಯಬೇಕು, ನಂಬುವಂತೆಯೂ ಇರಬೇಕು

#1 ಎಂಟುಕೊಂಬೆ

7 ಟೆಸ್ಲಾ ಎಂಆರ್‌ಐಗೆ, ಅಂದರೆ ಸುಮಾರು 298 ಮೆಗಾಹರ್ಟ್ಸ್‌ಗೆ, 8 ಚಾನೆಲ್‌ನ ಟ್ರಾನ್ಸ್‌ಮಿಟ್ ತಲೆ ಕಾಯಿಲ್. ಎಂಟು ಲೂಪ್, ಒಂದೊಂದರಲ್ಲಿ 6 ಕೆಪಾಸಿಟರ್. ಅದರ ಸ್ಥಳೀಯ ಎಸ್‌ಎಆರ್ (ಒಂದು ಕೆಜಿ ಅಂಗಾಂಶ ಹೀರುವ ರೇಡಿಯೋ ಪವರ್) ಮಾದರಿ ಕಟ್ಟುತ್ತಿದ್ದೇವೆ. ಮೂರು ಕಡೆ ನಿಂತಿದೆ.

ಮೊದಲನೆಯದು, ಒಂದು ಕೆಪಾಸಿಟರ್ ಮೌಲ್ಯ ಬದಲಾದರೂ ಎಫ್‌ಡಿಟಿಡಿ (ಕ್ಷೇತ್ರವನ್ನು ಗ್ರಿಡ್ ಮೇಲೆ ಸಮಯದ ಹೆಜ್ಜೆಗಳಲ್ಲಿ ಬಿಡಿಸುವ ವಿಧಾನ) ಸಿಮ್ಯುಲೇಶನ್ ಪೂರ್ತಿ ಮತ್ತೆ ಓಡಬೇಕಾಗಿದೆ. ಎರಡನೆಯದು, ಪ್ರತಿ ವೋಕ್ಸೆಲ್‌ಗೆ (ಮಾದರಿಯ ಪುಟ್ಟ ಘನ ಕೋಶ) ಒಂದು ಕ್ಯೂ ಮ್ಯಾಟ್ರಿಕ್ಸ್ (ಉದ್ದೀಪನದಿಂದ, ಅಂದರೆ ಎಂಟು ಚಾನೆಲ್‌ಗೆ ಕೊಟ್ಟ ಅಲೆಯ ಬಲ ಮತ್ತು ಫೇಸ್‌ನಿಂದ, ಅಲ್ಲಿನ ಎಸ್‌ಎಆರ್ ಕೊಡುವ ಕೋಷ್ಟಕ) ಇಟ್ಟುಕೊಂಡು 10 ಗ್ರಾಂ ಸರಾಸರಿ ತೆಗೆಯುವಾಗ ಮೆಮೊರಿಯೂ ಸಮಯವೂ ಸಾಲುತ್ತಿಲ್ಲ. ಮೂರನೆಯದು, ವಿಒಪಿಗೆ (ವರ್ಚುವಲ್ ಅಬ್ಸರ್ವೇಶನ್ ಪಾಯಿಂಟ್: ಎಲ್ಲ ಕ್ಯೂಗಳ ಬದಲು ನಿಲ್ಲುವ ಕೆಲವೇ ಮ್ಯಾಟ್ರಿಕ್ಸ್) ಕುಗ್ಗಿಸಿದ ಮೇಲೆ ಸಿಪಿ ಮೋಡ್‌ನ (ಕ್ಷೇತ್ರ ವೃತ್ತವಾಗಿ ಸುತ್ತುವಂತೆ ಚಾನೆಲ್‌ಗಳಿಗೆ ಫೇಸ್ ಕೊಡುವ ಕ್ರಮ) ಗರಿಷ್ಠ ಎಸ್‌ಎಆರ್, 1 ವಾಟ್ ಒಟ್ಟು ಪವರ್‌ಗೆ, 0.30ರಿಂದ 0.39 ವಾಟ್/ಕೆಜಿಗೆ ಏರಿದೆ. ಹೆಚ್ಚುವರಿ ಅಂದಾಜಿಗೆ ಕೊಟ್ಟದ್ದು ಬರೀ 5%. ಎಲ್ಲ ವೋಕ್ಸೆಲ್‌ಗಳಲ್ಲಿ ಅತಿ ದೊಡ್ಡ ಐಗನ್ ಮೌಲ್ಯ (ಅತಿ ಕೆಟ್ಟ ಉದ್ದೀಪನದ ಎಸ್‌ಎಆರ್) 2.0 ವಾಟ್/ಕೆಜಿ ಪ್ರತಿ ವಾಟ್‌ಗೆ. 5% ಹೇಳಿ 30% ಏರುವುದು ಹೇಗೆ?

#2 ತಂತಿಮನೆ

ಮೊದಲನೆಯದಕ್ಕೆ ಉತ್ತರ: ಕೋ-ಸಿಮ್ಯುಲೇಶನ್. ಕ್ಷೇತ್ರದ ಲೆಕ್ಕ ಒಂದೇ ಸಲ, ಟ್ಯೂನಿಂಗ್ ಎಲ್ಲ ಸರ್ಕ್ಯೂಟ್ ಸಾಫ್ಟ್‌ವೇರ್‌ನಲ್ಲಿ.

ಪ್ರತಿ ಕೆಪಾಸಿಟರ್ ಕೂರುವ ಸಂದಿಯಲ್ಲಿ ಕೆಪಾಸಿಟರ್ ಬದಲು 50 ಓಮ್‌ನ ಪೋರ್ಟ್ ಇಡಿ. ನಿಮ್ಮ ಕಾಯಿಲ್‌ಗೆ 48 ಕೆಪಾಸಿಟರ್ ಪೋರ್ಟ್, 8 ಫೀಡ್ ಪೋರ್ಟ್, ಒಟ್ಟು 56. ಒಂದೊಂದು ಪೋರ್ಟನ್ನೂ ಪ್ರತ್ಯೇಕವಾಗಿ ಉದ್ದೀಪಿಸಿ, ಅಂಗಾಂಶದೊಳಗಿನ ವಿದ್ಯುತ್ ಕ್ಷೇತ್ರವನ್ನೂ 56×56 ಎಸ್ ಮ್ಯಾಟ್ರಿಕ್ಸನ್ನೂ (ಒಂದು ಪೋರ್ಟ್‌ನ ಅಲೆ ಎಷ್ಟು ಹಿಂತಿರುಗುತ್ತದೆ, ಉಳಿದವಕ್ಕೆ ಎಷ್ಟು ಹೋಗುತ್ತದೆ ಎಂಬ ಕೋಷ್ಟಕ) ಉಳಿಸಿ. ಆಮೇಲೆ ಸರ್ಕ್ಯೂಟ್‌ನಲ್ಲಿ 48 ಪೋರ್ಟ್‌ಗಳಿಗೆ ಕೆಪಾಸಿಟರ್ ಜೋಡಿಸಿ, ಮ್ಯಾಚಿಂಗ್ ಮತ್ತು ಡಿಕಪ್ಲಿಂಗ್ ಹಾಕಿ, ಪ್ರತಿ ಫೀಡ್‌ಗೆ 1 ವಾಟ್ ಕೊಟ್ಟಾಗ 56 ಪೋರ್ಟ್‌ಗಳಲ್ಲಿ ಎಷ್ಟೆಷ್ಟು ಅಲೆ ಒಳಹೋಗುತ್ತದೆ ಎಂದು ಬಿಡಿಸಿ. ಆ ಗುಣಕಗಳಿಂದ 56 ಕ್ಷೇತ್ರಗಳನ್ನು ಕೂಡಿಸಿದರೆ 8 ಚಾನೆಲ್‌ಗಳ ಕ್ಷೇತ್ರ ಸಿಗುತ್ತದೆ. ಕೆಪಾಸಿಟರ್ ಬದಲಿಸಿದರೆ ಈ ಕೊನೆಯ ಹಂತ ಮಾತ್ರ ಮತ್ತೆ. ಅದು ಸೆಕೆಂಡುಗಳ ಕೆಲಸ.

56 ಓಟ ಎಂದರೆ ಗಾಬರಿಯಾಗಬೇಡಿ. ಕೆಪಾಸಿಟರ್ ಇದ್ದಾಗ ಕಾಯಿಲ್ ಅನುರಣಿಸುತ್ತ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈನಸ್ 50 ಡಿಬಿಗೆ ಇಳಿಯಲು ಬಹಳ ಹೊತ್ತು ಬೇಕು. 50 ಓಮ್ ಪೋರ್ಟ್‌ಗಳು ಅದನ್ನು ಬೇಗ ಹೀರಿಬಿಡುವುದರಿಂದ ಒಂದೊಂದು ಓಟವೂ ಚಿಕ್ಕದು.

ಎರಡು ಎಚ್ಚರಿಕೆ. ಕೆಪಾಸಿಟರ್‌ನ ಇಎಸ್‌ಆರ್ (ಒಳಗಿನ ನಷ್ಟದ ರೋಧ) ಅನ್ನು ಡೇಟಾಶೀಟ್‌ನಲ್ಲಿ 300 ಮೆಗಾಹರ್ಟ್ಸ್ ಬಳಿಯ ಬೆಲೆಯಿಂದ ತೆಗೆದುಕೊಳ್ಳಿ. ಬಿಟ್ಟರೆ ಕಾಯಿಲ್‌ನಲ್ಲಿ ನಷ್ಟವೇ ಇಲ್ಲದಂತೆ ಕಾಣುತ್ತದೆ, ಪ್ರತಿ ವಾಟ್‌ನ ಬಿ1 (ಕಾಯಿಲ್‌ನ ರೇಡಿಯೋ ಕಾಂತಕ್ಷೇತ್ರ) ಎಲ್ಲವೂ ನಿಜಕ್ಕಿಂತ ಹೆಚ್ಚು ಬರುತ್ತದೆ. ಇನ್ನೊಂದು, ಸರ್ಕ್ಯೂಟನ್ನು ಆದರ್ಶ ಮ್ಯಾಚಿಂಗ್‌ಗೆ ಟ್ಯೂನ್ ಮಾಡಬೇಡಿ. ನೆಟ್‌ವರ್ಕ್ ಅನಲೈಸರ್‌ನಲ್ಲಿ ಅಳೆದ 8×8 ಎಸ್ ಮ್ಯಾಟ್ರಿಕ್ಸ್‌ಗೆ ಹೊಂದಿಸಿ, ಕರ್ಣದ ಅಂಶಗಳಷ್ಟೇ ಅಲ್ಲ, ಪಕ್ಕದ ಲೂಪ್‌ಗಳ ಕಪ್ಲಿಂಗ್ ಕೂಡ. ಕಪ್ಲಿಂಗ್ ತಪ್ಪಿದರೆ ಕರೆಂಟ್ ಹಂಚಿಕೆಯೇ ಬೇರೆ, ಬಿಸಿಯಾಗುವ ಜಾಗವೇ ಬೇರೆ.

#3 ಅಲೆಯುದ್ದ

ಮೇಲಿನದನ್ನು ಓಡಿಸುವ ಮುಂಚೆ ಜ್ಯಾಮಿತಿ ಸರಿಯಿದೆಯೇ ನೋಡಿ. 56 ಓಟ ಮುಗಿದ ಮೇಲೆ ಭುಜ ಇಲ್ಲ ಎಂದು ಗೊತ್ತಾದರೆ ಎಲ್ಲವೂ ಮೊದಲಿನಿಂದ.

ಕುತ್ತಿಗೆಯಲ್ಲಿ ಕತ್ತರಿಸಿದ ತಲೆ ಮಾದರಿ ಬೇಡ. ಬೂದು ದ್ರವ್ಯದ ಸಾಪೇಕ್ಷ ಪರ್ಮಿಟಿವಿಟಿ ಈ ಆವರ್ತನದಲ್ಲಿ ಸುಮಾರು 60, ಹಾಗಾಗಿ ಒಳಗಿನ ಅಲೆಯುದ್ದ 13 ಸೆಂ.ಮೀ. ಮಾತ್ರ. ಕತ್ತರಿಸಿದ ಅಂಚಿನಲ್ಲಿ ಅಲೆ ಪ್ರತಿಫಲಿಸಿ ಕುತ್ತಿಗೆಯಲ್ಲಿ ಇಲ್ಲದ ಬಿಸಿ ಜಾಗ ತೋರಿಸುತ್ತದೆ, ಅಥವಾ ಇರುವುದನ್ನು ಮರೆಮಾಚುತ್ತದೆ. ಭುಜ ಮತ್ತು ಎದೆಯ ಮೇಲ್ಭಾಗ ಸೇರಿಸಿ.

ಬೋರ್‌ನ ಲೋಹದ ಶೀಲ್ಡ್ ಕೂಡ ಮಾದರಿಯಲ್ಲಿ ಇರಲೇಬೇಕು. 60 ಸೆಂ.ಮೀ. ವ್ಯಾಸದ ಲೋಹದ ಕೊಳವೆಗೆ ಟಿಇ11 ಮೋಡ್‌ನ ಕಟ್‌ಆಫ್ (ಅಲೆ ಕೊಳವೆಯೊಳಗೆ ಸಾಗತೊಡಗುವ ಆವರ್ತನ) ಸುಮಾರು 293 ಮೆಗಾಹರ್ಟ್ಸ್. ಅಂದರೆ 7 ಟೆಸ್ಲಾದಲ್ಲಿ ಬೋರ್ ತಾನೇ ವೇವ್‌ಗೈಡ್ ಆಗುವ ಹೊಸ್ತಿಲಲ್ಲಿದೆ. ಬೋರ್ ವ್ಯಾಸವನ್ನು ಒಂದೆರಡು ಸೆಂ.ಮೀ. ತಪ್ಪಾಗಿ ಹಾಕಿದರೂ ವಿಕಿರಣ ನಷ್ಟದ ಲೆಕ್ಕ ಕೆಡುತ್ತದೆ. 3 ಟೆಸ್ಲಾದ ಅಭ್ಯಾಸದಿಂದ ಬಂದವರು ಇದನ್ನು ಬಿಡುವುದು ಹೆಚ್ಚು, ಅಲ್ಲಿ 123 ಅಥವಾ 128 ಮೆಗಾಹರ್ಟ್ಸ್ ಕಟ್‌ಆಫ್‌ಗಿಂತ ಬಹಳ ಕೆಳಗೆ.

#4 ಎಂಟುಕೊಂಬೆ

ಭುಜ ಇದೆ, ಬೋರ್ ಇರಲಿಲ್ಲ. ಸೇರಿಸುತ್ತೇವೆ. ಗ್ರಿಡ್ ಸದ್ಯ 1 ಮಿ.ಮೀ. ಅಷ್ಟು ಸಣ್ಣದು ಬೇಕೇ?

#5 ಅಲೆಯುದ್ದ

1 ಮಿ.ಮೀ. ಗ್ರಿಡ್‌ನಲ್ಲಿ ಸ್ಥಿರತೆಗೆ ಬೇಕಾದ ಸಮಯದ ಹೆಜ್ಜೆ ಸುಮಾರು 1.9 ಪಿಕೊಸೆಕೆಂಡ್. 298 ಮೆಗಾಹರ್ಟ್ಸ್‌ನ ಒಂದು ಆವರ್ತಕ್ಕೆ 1,700ಕ್ಕೂ ಹೆಚ್ಚು ಹೆಜ್ಜೆ. 2 ಮಿ.ಮೀ.ಗೆ ಹೋದರೆ ಕೋಶಗಳು 8 ಪಟ್ಟು ಕಡಿಮೆ, ಹೆಜ್ಜೆಗಳು 2 ಪಟ್ಟು ಕಡಿಮೆ: ಒಟ್ಟು 16 ಪಟ್ಟು ಉಳಿತಾಯ. 10 ಗ್ರಾಂ ಅಂಗಾಂಶದ ಘನದ ಬದಿ ಸುಮಾರು 21.5 ಮಿ.ಮೀ., ಅದರಲ್ಲಿ 2 ಮಿ.ಮೀ. ವೋಕ್ಸೆಲ್ ಹತ್ತಕ್ಕಿಂತ ಹೆಚ್ಚು ಕೂರುತ್ತವೆ. ಹಾಗಾಗಿ ದಿನನಿತ್ಯದ ಕೆಲಸಕ್ಕೆ ತಲೆಯಲ್ಲಿ 2 ಮಿ.ಮೀ. ಸಾಕು. ಕಾಯಿಲ್‌ನ ತಾಮ್ರದ ಪಟ್ಟಿ ಮತ್ತು ಸಂದಿಗಳ ಬಳಿ ಮಾತ್ರ ಸಣ್ಣ ಗ್ರಿಡ್. ಒಂದೇ ಒಂದು ಸಂರಚನೆಯನ್ನು 1 ಮಿ.ಮೀ.ನಲ್ಲಿ ಓಡಿಸಿ, 10 ಗ್ರಾಂ ಶಿಖರದಲ್ಲಿ ಬಂದ ವ್ಯತ್ಯಾಸವನ್ನು ಅನಿಶ್ಚಿತತೆಯ ಪಟ್ಟಿಗೆ ಸೇರಿಸಿ.

ಅಂಗಾಂಶಗಳನ್ನು ಒಟ್ಟುಗೂಡಿಸುವಾಗ ಸಿಎಸ್‌ಎಫ್ (ಮಿದುಳಿನ ಸುತ್ತಲ ದ್ರವ) ಅನ್ನು ಮಾತ್ರ ಮಿದುಳಿನೊಳಗೆ ಕಲಸಬೇಡಿ. ಅದರ ವಾಹಕತೆ 2.2 ಸೀಮೆನ್ಸ್/ಮೀಟರ್ ಆಸುಪಾಸು, ಬೂದು ದ್ರವ್ಯದ್ದು 0.69, ಬಿಳಿ ದ್ರವ್ಯದ್ದು 0.41. ಕೊಬ್ಬು 0.04. ಸ್ನಾಯು, ಕೊಬ್ಬು, ಮೂಳೆ, ಚರ್ಮ, ಸಿಎಸ್‌ಎಫ್, ಬೂದು, ಬಿಳಿ, ಕಣ್ಣು, ಗಾಳಿ ಇಷ್ಟನ್ನು ಬೇರೆ ಇಡಿ. ಉಳಿದ ಸಣ್ಣ ಅಂಗಾಂಶಗಳನ್ನು ಹತ್ತಿರದ ಗುಂಪಿಗೆ ಸೇರಿಸಬಹುದು.

ಬಹಳಷ್ಟು ತಲೆ ಮಾದರಿ ಓಡಿಸಬೇಕಾದರೆ ವಾಲ್ಯೂಮ್ ಇಂಟೆಗ್ರಲ್ ಈಕ್ವೇಶನ್ ವಿಧಾನ ನೋಡಿ. ಸಮ ಗ್ರಿಡ್‌ನಲ್ಲಿ ಎಫ್‌ಎಫ್‌ಟಿಯಿಂದ ವೇಗ ಬರುತ್ತದೆ, ಗಾಳಿಯನ್ನು ಕೋಶ ಮಾಡಬೇಕಾಗಿಲ್ಲ. ಎಂಐಟಿಯಿಂದ ಬಂದ ಮುಕ್ತ ಸಾಫ್ಟ್‌ವೇರ್ ಮಾರಿ ಇದೇ ದಾರಿಯದು.

#6 ವೋಕ್ಸೆಲ್ ಲೆಕ್ಕಿಗ

ಎರಡನೆಯ ಪ್ರಶ್ನೆಗೆ ಬರುತ್ತೇನೆ. 8 ಚಾನೆಲ್‌ನ ಕ್ಯೂ ಮ್ಯಾಟ್ರಿಕ್ಸ್ ಹರ್ಮಿಷಿಯನ್. ಕರ್ಣದಲ್ಲಿ 8 ನೈಜ ಸಂಖ್ಯೆ, ಮೇಲಿನ ತ್ರಿಕೋನದಲ್ಲಿ 28 ಸಂಕೀರ್ಣ ಸಂಖ್ಯೆ, ಒಟ್ಟು 64 ನೈಜ ಸಂಖ್ಯೆ. ಸಿಂಗಲ್ ಪ್ರಿಸಿಶನ್‌ನಲ್ಲಿ 256 ಬೈಟ್. 4.5 ಲೀಟರ್ ತಲೆಗೆ 2 ಮಿ.ಮೀ.ನಲ್ಲಿ ಸುಮಾರು 5.6 ಲಕ್ಷ ವೋಕ್ಸೆಲ್: 145 ಎಂಬಿ ಅಷ್ಟೇ. ನೀವು ಡಬಲ್ ಪ್ರಿಸಿಶನ್‌ನಲ್ಲಿ ಪೂರ್ತಿ ಚೌಕ ಇಟ್ಟು, ಗ್ರಿಡ್ 1 ಮಿ.ಮೀ. ಇದ್ದರೆ ಅದೇ 4.6 ಜಿಬಿ ಆಗುತ್ತದೆ. ತೊಂದರೆ ಅಲ್ಲಿದೆ.

ಕ್ಯೂ ಕಟ್ಟುವಾಗ ಪದೇಪದೇ ಬರುವ ತಪ್ಪುಗಳು ಮೂರು.

ಅರ್ಧದ ಗುಣಕ. ಸಾಫ್ಟ್‌ವೇರ್ ಶಿಖರ ಮೌಲ್ಯ ಕೊಡುತ್ತದೆಯೋ ಆರ್‌ಎಂಎಸ್ ಕೊಡುತ್ತದೆಯೋ ನೋಡಿ. ಶಿಖರವಾದರೆ ವಾಹಕತೆಯನ್ನು ಸಾಂದ್ರತೆಯ ಎರಡರಷ್ಟರಿಂದ ಭಾಗಿಸಬೇಕು, ಆರ್‌ಎಂಎಸ್ ಆದರೆ ಸಾಂದ್ರತೆಯಿಂದ ಮಾತ್ರ. 50 ಓಮ್‌ಗೆ 1 ವಾಟ್ ಎಂದರೆ ಶಿಖರ 10 ವೋಲ್ಟ್. 1 ವೋಲ್ಟ್‌ಗೆ ಸರಿಹೊಂದಿಸಿದ ಕ್ಷೇತ್ರವನ್ನು 1 ವಾಟ್‌ನದೆಂದು ತಿಳಿದರೆ ಎಸ್‌ಎಆರ್ 100 ಪಟ್ಟು ತಪ್ಪುತ್ತದೆ.

ಕಾಂಜುಗೇಟ್ ಯಾವುದರ ಮೇಲೆ. ತಿರುಗುಮುರುಗಾದರೆ ಕ್ಯೂ ಬದಲು ಅದರ ಟ್ರಾನ್ಸ್‌ಪೋಸ್ ಸಿಗುತ್ತದೆ. ಕರ್ಣ ಸರಿಯಾಗೇ ಇರುತ್ತದೆ, ಐಗನ್ ಮೌಲ್ಯಗಳೂ ಅವೇ, ಒಂದೊಂದೇ ಚಾನೆಲ್ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ. ಸಿಪಿ ಮೋಡ್ ಹಾಕಿದಾಗ ಮಾದರಿ ಉಲ್ಟಾ ಸುತ್ತುವ ಮೋಡ್‌ನ ಎಸ್‌ಎಆರ್ ಕೊಡುತ್ತಿರುತ್ತದೆ. ಎರಡು ಚಾನೆಲ್‌ಗೆ 90 ಡಿಗ್ರಿ ಫೇಸ್ ಅಂತರ ಕೊಟ್ಟು, ಕ್ಷೇತ್ರಗಳನ್ನು ನೇರ ಕೂಡಿಸಿ ತೆಗೆದ ಎಸ್‌ಎಆರ್ ಜೊತೆ ಹೋಲಿಸಿ. 0 ಅಥವಾ 180 ಡಿಗ್ರಿಯಲ್ಲಿ ಈ ತಪ್ಪು ಕಾಣಿಸುವುದಿಲ್ಲ.

ಕೊನೆಯದು ಯೀ ಗ್ರಿಡ್. ಕ್ಷೇತ್ರದ ಮೂರು ಘಟಕಗಳು ಕೋಶದ ಬೇರೆ ಬೇರೆ ಅಂಚಿನಲ್ಲಿರುತ್ತವೆ. ವೋಕ್ಸೆಲ್‌ನ 12 ಅಂಚುಗಳಿಂದ ಕೇಂದ್ರಕ್ಕೆ ತಂದ ಮೇಲೆಯೇ ಗುಣಿಸಬೇಕು.

ಇದೆಲ್ಲ ಮುಗಿದ ಮೇಲೆ ಪವರ್ ತಾಳೆ. ಎಲ್ಲ ವೋಕ್ಸೆಲ್‌ಗಳ ಕ್ಯೂಗಳನ್ನು ದ್ರವ್ಯರಾಶಿಯಿಂದ ಗುಣಿಸಿ ಕೂಡಿಸಿದರೆ ದೇಹ ಹೀರಿದ ಪವರ್‌ನ 8×8 ಮ್ಯಾಟ್ರಿಕ್ಸ್ ಬರುತ್ತದೆ. ಗುರುತು ಮ್ಯಾಟ್ರಿಕ್ಸ್‌ನಿಂದ (ಕರ್ಣದಲ್ಲಿ 1, ಉಳಿದೆಡೆ 0), ಎಸ್‌ನ ಹರ್ಮಿಷಿಯನ್ ಟ್ರಾನ್ಸ್‌ಪೋಸ್ ಮತ್ತು ಎಸ್‌ಗಳ ಗುಣಲಬ್ಧವನ್ನು ಕಳೆಯಿರಿ: ಅದು ಕಾಯಿಲ್ ಒಳಗೆ ಹೋದ ಪವರ್. ಇದರಿಂದ ದೇಹದ ಪವರ್ ಕಳೆದರೆ ಉಳಿಯುವುದು ಕಾಯಿಲ್ ನಷ್ಟ ಮತ್ತು ವಿಕಿರಣ. ಆ ಉಳಿಕೆಯ ಯಾವ ಐಗನ್ ಮೌಲ್ಯವೂ ಋಣವಾಗಬಾರದು. ಒಂದಾದರೂ ಸ್ಪಷ್ಟವಾಗಿ ಋಣ ಬಂದರೆ ಮುಂದೆ ಹೋಗಬೇಡಿ, ಮೇಲಿನ ಮೂರರಲ್ಲಿ ಒಂದು ತಪ್ಪಿದೆ.

#7 ವೋಕ್ಸೆಲ್ ಲೆಕ್ಕಿಗ

10 ಗ್ರಾಂ ಸರಾಸರಿ ಬಿಟ್ಟುಹೋಯಿತು. ಘನದ ಗಾತ್ರ ನಿರ್ಧಾರವಾಗುವುದು ದ್ರವ್ಯರಾಶಿಯಿಂದ ಮಾತ್ರ, ಉದ್ದೀಪನಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಪ್ರತಿ ವೋಕ್ಸೆಲ್‌ನ ಘನವನ್ನು ಒಮ್ಮೆ ಹುಡುಕಿ ಇಟ್ಟುಕೊಳ್ಳಿ. ಬಳಿಕ 64 ಘಟಕಗಳಿಗೂ ಮೂರು ದಿಕ್ಕಿನ ಸಂಚಿತ ಮೊತ್ತ ಮಾಡಿಕೊಂಡರೆ, ಯಾವ ಘನದ ಮೊತ್ತವಾದರೂ 8 ಮೂಲೆಗಳ ಕೂಡು-ಕಳೆಯಿಂದ ಸಿಗುತ್ತದೆ. ಸಂಚಿತ ಮೊತ್ತವನ್ನು ಮಾತ್ರ ಡಬಲ್ ಪ್ರಿಸಿಶನ್‌ನಲ್ಲಿ ಇಡಿ, ದೊಡ್ಡ ಸಂಖ್ಯೆಗಳನ್ನು ಕಳೆಯುವಾಗ ನಿಖರತೆ ಹೋಗುತ್ತದೆ. ಒಂದೊಂದೇ ಘಟಕ ಮುಗಿಸುತ್ತ ಹೋದರೆ ಮೆಮೊರಿ ಚಿಂತೆ ಇಲ್ಲ.

ಮೇಲ್ಮೈ ವೋಕ್ಸೆಲ್‌ಗಳಿಗೆ ಐಇಸಿ/ಐಇಇಇ 62704-1 ಹೇಳುವ ಕ್ರಮದಲ್ಲಿ, ಘನದಲ್ಲಿ 10%ಗಿಂತ ಹೆಚ್ಚು ಗಾಳಿ ಇದ್ದರೆ ಆ ಘನ ಮಾನ್ಯವಲ್ಲ. ಬೇರೆ ಮಾನ್ಯ ಘನದೊಳಗೆ ಸೇರಿದ ವೋಕ್ಸೆಲ್‌ಗೆ, ಅಂಥ ಘನಗಳಲ್ಲಿ ಅತಿ ಹೆಚ್ಚಿನ ಮೌಲ್ಯ ಕೊಡಬೇಕು. ಈ ‘ಅತಿ ಹೆಚ್ಚಿನದು’ ಉದ್ದೀಪನದ ಮೇಲೆ ಬದಲಾಗುವುದರಿಂದ ಅದಕ್ಕೆ ಒಂದೇ ಕ್ಯೂ ಬರೆಯಲಾಗದು. ಬರೆಯುವ ಅಗತ್ಯವೂ ಇಲ್ಲ: ಆ ಘನ ಈಗಾಗಲೇ ಸಂಗ್ರಹದಲ್ಲಿದೆ, ಗರಿಷ್ಠ ಹುಡುಕುವಾಗ ತಾನಾಗಿ ಬರುತ್ತದೆ. ಯಾವ ಮಾನ್ಯ ಘನಕ್ಕೂ ಸೇರದ ವೋಕ್ಸೆಲ್‌ಗಳಿಗೆ ಮಾತ್ರ, ಒಂದು ಮುಖ ಆ ವೋಕ್ಸೆಲ್‌ನಲ್ಲಿರುವಂತೆ ಒಳಮುಖವಾಗಿ ಬೆಳೆಸಿದ ಘನದ ಕ್ಯೂ ಸೇರಿಸಿ. ಕಿವಿ, ಮೂಗಿನ ತುದಿ ಇಂಥವು.

#8 ಸಿಗ್ನಲ್ ಸರಪಳಿ

ಇಷ್ಟು ವೇಗವಿದ್ದರೆ ವಿಒಪಿ ಯಾಕೆ ಬೇಕು? ಪಲ್ಸ್‌ನ ಎಲ್ಲ ಸಮಯದ ಹೆಜ್ಜೆಗಳಿಗೂ ಎಸ್‌ಎಆರ್ ತೆಗೆಯಬೇಕಾಗಿಲ್ಲ. 8 ಅಲೆರೂಪಗಳ ಸರಾಸರಿ ಸಹಸಂಬಂಧ ಮ್ಯಾಟ್ರಿಕ್ಸ್ 8×8 ಒಮ್ಮೆ ಮಾಡಿಕೊಂಡರೆ, ಪ್ರತಿ ವೋಕ್ಸೆಲ್‌ಗೆ 64 ಗುಣಾಕಾರ ಸಾಕು. 5.6 ಲಕ್ಷ ವೋಕ್ಸೆಲ್‌ಗೆ 3.6 ಕೋಟಿ ಗುಣಾಕಾರ. ಗ್ರಾಫಿಕ್ಸ್ ಕಾರ್ಡ್‌ಗೆ ಅದು ಏನೂ ಅಲ್ಲ.

#9 ವೋಕ್ಸೆಲ್ ಲೆಕ್ಕಿಗ

ಒಂದು ಪಲ್ಸ್ ಪರಿಶೀಲಿಸುವುದಕ್ಕೆ ನಿಮ್ಮ ಮಾತು ಸರಿ, ಮತ್ತು ಸ್ಕ್ಯಾನ್‌ಗೆ ಮುಂಚೆ ಪೂರ್ತಿ ವೋಕ್ಸೆಲ್ ಮೇಲೆ ಹಾಗೆ ಪರಿಶೀಲಿಸಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಆದರೆ ಪಲ್ಸ್ ವಿನ್ಯಾಸದಲ್ಲಿ ಪ್ರತಿ ಕ್ಯೂ ಒಂದು ನಿರ್ಬಂಧ. ಆಪ್ಟಿಮೈಸರ್ 5.6 ಲಕ್ಷ ನಿರ್ಬಂಧಗಳನ್ನೂ ಅವುಗಳ ಗ್ರೇಡಿಯೆಂಟನ್ನೂ ನೂರಾರು ಸುತ್ತು ಹೊರಲಾರದು, ಕೆಲವು ನೂರು ಹೊತ್ತೀತು. ಇನ್ನು ಒಂದಲ್ಲ, ಹಲವು ದೇಹ ಮಾದರಿ, ಹಲವು ತಲೆಯ ಸ್ಥಾನ ಸೇರಿಸಿದರೆ ಸಂಗ್ರಹ ಕೋಟಿ ಮುಟ್ಟುತ್ತದೆ. ಸ್ಕ್ಯಾನ್ ನಡೆಯುವಾಗಿನ ಮೇಲ್ವಿಚಾರಣೆಯೂ ವಿಒಪಿ ಇಲ್ಲದೆ ಕಷ್ಟ.

ಈಗ ಮೂರನೆಯ ಪ್ರಶ್ನೆ. ಐಷ್‌ಫೆಲ್ಡರ್ ಮತ್ತು ಗೆಬ್‌ಹಾರ್ಟ್ 2011ರಲ್ಲಿ ಕೊಟ್ಟ ವಿಧಾನದ ತಿರುಳು ಇಷ್ಟು: ಒಂದು ವೋಕ್ಸೆಲ್‌ನ ಕ್ಯೂ, ಯಾವುದೋ ವಿಒಪಿ ಮತ್ತು ಒಂದು ಹೆಚ್ಚುವರಿ ಮ್ಯಾಟ್ರಿಕ್ಸ್‌ನ ಮೊತ್ತಕ್ಕಿಂತ ಎಲ್ಲ ಉದ್ದೀಪನಗಳಿಗೂ ಕಡಿಮೆ ಎಂದು ಖಚಿತವಾದರೆ, ಆ ವೋಕ್ಸೆಲ್ ಬಿಡಬಹುದು. ಎಂಟುಕೊಂಬೆಯವರ ಹೆಚ್ಚುವರಿ, ಗುರುತು ಮ್ಯಾಟ್ರಿಕ್ಸ್‌ನ ರೂಪದ್ದು, ಗರಿಷ್ಠ ಐಗನ್ ಮೌಲ್ಯದ 5%, ಅಂದರೆ 2.0ರ 5%: 0.1 ವಾಟ್/ಕೆಜಿ. ಅದು ಎಲ್ಲ ಉದ್ದೀಪನಕ್ಕೂ ಒಂದೇ ಅಳತೆ. ಶಿಖರ 2.0 ಇರುವ ಕೆಟ್ಟ ಉದ್ದೀಪನಕ್ಕೆ 5%, ಶಿಖರ 0.30 ಇರುವ ಸಿಪಿ ಮೋಡ್‌ಗೆ 33%ವರೆಗೂ. ನೀವು ನೋಡಿದ 0.39 ಅದೇ. ಲೆಕ್ಕದಲ್ಲಿ ದೋಷವಿಲ್ಲ, ಹೆಚ್ಚುವರಿಯ ಆಕಾರ ತಪ್ಪು.

#10 ವೋಕ್ಸೆಲ್ ಲೆಕ್ಕಿಗ

ಪರಿಹಾರ: ಹೆಚ್ಚುವರಿಗೆ ಗುರುತು ಮ್ಯಾಟ್ರಿಕ್ಸ್ ಬೇಡ. ಸಂಗ್ರಹದಲ್ಲಿರುವ ಎಲ್ಲ 10 ಗ್ರಾಂ ಕ್ಯೂಗಳ ಸರಾಸರಿ ಮ್ಯಾಟ್ರಿಕ್ಸ್ ತೆಗೆದುಕೊಂಡು ಅದರ 0.3ರಷ್ಟನ್ನು ಹೆಚ್ಚುವರಿ ಮಾಡಿ. ಯಾವ ಉದ್ದೀಪನದಲ್ಲೂ ಶಿಖರ ಸರಾಸರಿಗಿಂತ ಕಡಿಮೆ ಇರಲಾರದು. ಹಾಗಾಗಿ ಹೆಚ್ಚುವರಿ ಅಂದಾಜು ಆ ಉದ್ದೀಪನದ ಶಿಖರದ 30% ಯಾವತ್ತೂ ದಾಟುವುದಿಲ್ಲ. ಶಿಖರ ಸರಾಸರಿಯ 4 ಪಟ್ಟು ಇದ್ದ ಕಡೆ 7.5% ಮಾತ್ರ. ಕಡಿಮೆ ಎಸ್‌ಎಆರ್‌ನ ಉದ್ದೀಪನಗಳೇ ನಮಗೆ ಬೇಕಾದವು, ಅವುಗಳನ್ನು ದಂಡಿಸುವ ಕುಗ್ಗಿಸುವಿಕೆಯಿಂದ ಏನು ಉಪಯೋಗ?

ಒಂದು ಕಷ್ಟವಿದೆ. ಸರಾಸರಿ ಮ್ಯಾಟ್ರಿಕ್ಸ್‌ನ ಅತಿ ಸಣ್ಣ ಐಗನ್ ಮೌಲ್ಯ ಸೊನ್ನೆಗೆ ತೀರ ಹತ್ತಿರವಿದ್ದರೆ ಆ ದಿಕ್ಕಿನಲ್ಲಿ ಯಾವ ಸಡಿಲವೂ ಸಿಗದೆ ವಿಒಪಿ ಸಂಖ್ಯೆ ಉಬ್ಬುತ್ತದೆ. ಆಗ ಗುರುತು ಮ್ಯಾಟ್ರಿಕ್ಸ್‌ನ ಸಣ್ಣ ಪಾಲು, ಗರಿಷ್ಠ ಐಗನ್ ಮೌಲ್ಯದ 0.5% ಸಾಕು, ಬೆರೆಸಿ.

ವೇಗಕ್ಕೆ: ಐಗನ್ ವಿಶ್ಲೇಷಣೆ ಮಾಡಬೇಡಿ. (ವಿಒಪಿ + ಹೆಚ್ಚುವರಿ − ಕ್ಯೂ) ಇದರ ಚೊಲೆಸ್ಕಿ ವಿಭಜನೆ ಮುಗಿದರೆ ವೋಕ್ಸೆಲ್ ಬಿಡಿ, ಮಧ್ಯೆ ಋಣ ಬಂದು ನಿಂತರೆ ಇಟ್ಟುಕೊಳ್ಳಿ. ಮೊದಲು ದೊಡ್ಡ ಹೆಚ್ಚುವರಿಯಿಂದ ಓಡಿಸಿ, ಸಿಕ್ಕ ವಿಒಪಿಗಳನ್ನೇ ಆರಂಭವಾಗಿಟ್ಟು ಹೆಚ್ಚುವರಿಯನ್ನು ಅರ್ಧರ್ಧ ಇಳಿಸುತ್ತ ಬನ್ನಿ, ಬಹುತೇಕ ವೋಕ್ಸೆಲ್‌ಗಳು ಮೊದಲ ಕೆಲವು ಹೋಲಿಕೆಗಳಲ್ಲೇ ಬಿದ್ದುಹೋಗುತ್ತವೆ. ಹೀಗೆ ಉಳಿದವನ್ನು ಒಂದೇ ವಿಒಪಿಯ ಬದಲು ಹಲವು ವಿಒಪಿಗಳ ತೂಕದ ಮೊತ್ತದ ಜೊತೆ ಹೋಲಿಸಿದರೆ ಪಟ್ಟಿ ಇನ್ನೂ ಚಿಕ್ಕದಾಗುತ್ತದೆ. ತೂಕಗಳ ಒಟ್ಟು 1 ಮೀರದಿದ್ದರೆ ಖಾತರಿ ಹಾಗೇ ಉಳಿಯುತ್ತದೆ, ಯಾಕೆಂದರೆ ತೂಕದ ಸರಾಸರಿ ಅವುಗಳಲ್ಲಿ ದೊಡ್ಡದನ್ನು ಮೀರಲಾರದು.

ಮುಗಿದ ಮೇಲೆ ಯಾದೃಚ್ಛಿಕ ಉದ್ದೀಪನಗಳ ಮೇಲೆ ವಿಒಪಿ ಶಿಖರವನ್ನು ಪೂರ್ತಿ ಸಂಗ್ರಹದ ಶಿಖರದಿಂದ ಭಾಗಿಸಿ ಅನುಪಾತ ತೆಗೆಯಿರಿ. 1ಕ್ಕಿಂತ ಕಡಿಮೆ ಒಂದೂ ಬರಬಾರದು. ಆದರೆ ಯಾದೃಚ್ಛಿಕ ಸಾಲದು: ಪ್ರತಿ ವೋಕ್ಸೆಲ್‌ನ ದೊಡ್ಡ ಐಗನ್ ವೆಕ್ಟರ್, ಸಿಪಿ ಮೋಡ್, ನೀವು ವಿನ್ಯಾಸ ಮಾಡಿದ ನಿಜವಾದ ಪಲ್ಸ್‌ಗಳು, ಇವನ್ನೂ ಸೇರಿಸಿ.

#11 ಎಂಟುಕೊಂಬೆ

ಆಕಾರದ ವಿಷಯ ಈಗ ಅರ್ಥವಾಯಿತು. ಆದರೆ ಹೀಗೆ ಮಾಡಬಾರದೇಕೆ: ಹೇಗಿದ್ದರೂ ದೇಹದ ವ್ಯತ್ಯಾಸ, ಫೇಸ್ ದೋಷಕ್ಕೆ ಸುರಕ್ಷತಾ ಗುಣಕ ಹಾಕಬೇಕಲ್ಲ. ವಿಒಪಿ ಕೊಡುವ 30%ಅನ್ನೇ ಅದರ ಭಾಗವೆಂದು ಎಣಿಸಿದರೆ ಎರಡೆರಡು ಸಲ ಹೆಚ್ಚಿಸುವುದು ತಪ್ಪುತ್ತದೆ.

#12 ಸಿಗ್ನಲ್ ಸರಪಳಿ

ದಯವಿಟ್ಟು ಬೇಡ. ವಿಒಪಿ ಕೊಡುವ ಖಾತರಿ ‘ಸೊನ್ನೆಯಿಂದ ಇಷ್ಟರವರೆಗೆ ಹೆಚ್ಚು’ ಎಂದು. ಕೆಳಗಿನ ತುದಿ ಸೊನ್ನೆ. ಸಿಪಿ ಮೋಡ್‌ಗೆ 30% ಬಂದಿರಬಹುದು, ನಾಳೆ ಆಪ್ಟಿಮೈಸರ್ ಹುಡುಕಿ ಕೊಡುವ ಉದ್ದೀಪನಕ್ಕೆ 1% ಬರಬಹುದು. ಆಪ್ಟಿಮೈಸರ್ ಹೆಚ್ಚುವರಿ ಕಡಿಮೆ ಇರುವ ಕಡೆಗೇ ಹರಿಯುತ್ತದೆ, ಅದರ ಕೆಲಸವೇ ಅದು. ಇರುತ್ತದೋ ಇಲ್ಲವೋ ಗೊತ್ತಿಲ್ಲದ ಅಂತರವನ್ನು ರೋಗಿಯ ರಕ್ಷಣೆ ಎಂದು ಎಣಿಸುವಂತಿಲ್ಲ.

ಫೇಸ್ ದೋಷಕ್ಕೆ ನಿಖರವಾದ ಲೆಕ್ಕವೇ ಇದೆ. ಎಸ್‌ಎಆರ್‌ನ ವರ್ಗಮೂಲ ಉದ್ದೀಪನ ವೆಕ್ಟರ್‌ನ ಉದ್ದದಂತೆ ವರ್ತಿಸುತ್ತದೆ, ತ್ರಿಕೋನ ಅಸಮಾನತೆ ಅನ್ವಯಿಸುತ್ತದೆ. 5 ಡಿಗ್ರಿ ಫೇಸ್ ದೋಷ ಎಂದರೆ ಸುಮಾರು 0.087ರ ಸಾಪೇಕ್ಷ ದೋಷ. ನಿಮ್ಮ ಸಂಖ್ಯೆಗಳಲ್ಲಿ, ಶಿಖರದ ವೋಕ್ಸೆಲ್‌ನ ಐಗನ್ ಮೌಲ್ಯವೂ 2.0 ಎಂದುಕೊಂಡರೆ: 0.30ರ ವರ್ಗಮೂಲ 0.548, 2.0ರ ವರ್ಗಮೂಲದ 0.087ರಷ್ಟು 0.123, ಮೊತ್ತ 0.671, ಅದರ ವರ್ಗ 0.45. ಕೆಟ್ಟ ಪಕ್ಷದಲ್ಲಿ 50% ಏರಿಕೆ. ಅದೇ ದೋಷ, ಶಿಖರ 2.0 ಇರುವ ಉದ್ದೀಪನವನ್ನು 18%ಗಿಂತ ಹೆಚ್ಚು ಏರಿಸಲಾರದು. ಅಲೆಗಳು ಪರಸ್ಪರ ರದ್ದಾಗಿ ಎಸ್‌ಎಆರ್ ಇಳಿದಿರುವ ಕಡೆಯೇ ಸಣ್ಣ ಫೇಸ್ ದೋಷ ಹೆಚ್ಚು ಹಾನಿ ಮಾಡುತ್ತದೆ. ಎಲ್ಲದಕ್ಕೂ ಒಂದೇ ಗುಣಕ ಹಾಕಿದರೆ ಒಂದು ಕಡೆ ಸಾಲದು, ಇನ್ನೊಂದು ಕಡೆ ವ್ಯರ್ಥ.

#13 ವೋಕ್ಸೆಲ್ ಲೆಕ್ಕಿಗ

ಇದನ್ನು ಕ್ಯೂ ಒಳಗೇ ಸೇರಿಸಬಹುದು, ಕುಗ್ಗಿಸುವ ಮುಂಚೆ. ಪ್ರತಿ ಕ್ಯೂವನ್ನು 1.2ರಿಂದ ಗುಣಿಸಿ, ಅದಕ್ಕೆ ‘6 × ಸಾಪೇಕ್ಷ ದೋಷದ ವರ್ಗ × ಆ ವೋಕ್ಸೆಲ್‌ನ ದೊಡ್ಡ ಐಗನ್ ಮೌಲ್ಯ’ ಇಷ್ಟನ್ನು ಗುರುತು ಮ್ಯಾಟ್ರಿಕ್ಸ್ ಆಗಿ ಕೂಡಿಸಿ. 1.2 ಮತ್ತು 6 ಜೋಡಿ: ಮೊದಲನೆಯದು 1 ಕೂಡಿಸು 0.2, ಎರಡನೆಯದು 1 ಕೂಡಿಸು 0.2ರ ವಿಲೋಮ. ಬೇರೆ ಜೋಡಿಯೂ ಆಗಬಹುದು. 5% ದೋಷಕ್ಕೆ ಸಿಪಿ ಮೋಡ್‌ನಲ್ಲಿ 0.36 ಕೂಡಿಸು 0.03, ಅಂದರೆ 0.39. ನಿಖರ ಮಿತಿ 0.382. ಬಹಳ ಹತ್ತಿರ, ಮತ್ತು ಹರ್ಮಿಷಿಯನ್ ರೂಪ ಉಳಿಯುವುದರಿಂದ ವಿಒಪಿಗೆ ಹಾಗೇ ಹೋಗುತ್ತದೆ.

ದೇಹದ ವ್ಯತ್ಯಾಸಕ್ಕೂ ಇದೇ ಮಾತು. ಸಾಧ್ಯವಾದಷ್ಟು ಮಾದರಿ ಮತ್ತು ಸ್ಥಾನಗಳ ಕ್ಯೂಗಳನ್ನು ಒಂದೇ ಸಂಗ್ರಹಕ್ಕೆ ಹಾಕಿ ಒಟ್ಟಿಗೆ ಕುಗ್ಗಿಸಿ. ‘ಡ್ಯೂಕ್’ (ಗಂಡು) ಮತ್ತು ‘ಎಲ್ಲಾ’ (ಹೆಣ್ಣು) ಎಂಬ ಹೆಸರಿನ ದೇಹ ಮಾದರಿಗಳನ್ನು ಬೇರೆ ಬೇರೆ ಕುಗ್ಗಿಸಿ, ವಿಒಪಿಗಳನ್ನು ಕೂಡಿಸಿ ಮತ್ತೆ ಕುಗ್ಗಿಸಿದರೆ ಎರಡೂ ಹಂತದ ಹೆಚ್ಚುವರಿ ಮೇಲಿಂದ ಮೇಲೆ ಸೇರುತ್ತದೆ. ತಲೆಯ ಸ್ಥಾನ ಕನಿಷ್ಠ ಮೂರು ದಿಕ್ಕಿನಲ್ಲೂ ಆಚೀಚೆ ಸರಿಸಿದ್ದು ಮತ್ತು ಗದ್ದ ಎತ್ತಿ-ಇಳಿಸಿದ್ದು ಬೇಕು. ಸಂಗ್ರಹದಲ್ಲಿ ಇಲ್ಲದ ತಲೆಗಳಿಗಾಗಿ ಉಳಿಯುವ ಗುಣಕವನ್ನು, ಒಂದು ಮಾದರಿಯನ್ನು ಹೊರಗಿಟ್ಟು ಉಳಿದವುಗಳ ವಿಒಪಿ ಅದನ್ನು ಎಷ್ಟು ಕಡಿಮೆ ಅಂದಾಜಿಸುತ್ತದೆ ಎಂದು ನೋಡಿ, ಹೀಗೆ ಒಂದೊಂದನ್ನೇ ಹೊರಗಿಟ್ಟು ನಿರ್ಧರಿಸಿ.

#14 ಕಾವುಮಾಪಕ

ಎಲ್ಲರೂ ಎಸ್‌ಎಆರ್ ಎನ್ನುತ್ತಿದ್ದೀರಿ, ಅಂಗಾಂಶಕ್ಕೆ ತಾಗುವುದು ತಾಪಮಾನ. ಪೆನ್ನೆಸ್ ಬಯೋಹೀಟ್ ಸಮೀಕರಣದಲ್ಲಿ (ರಕ್ತ ತಣಿಸುವುದನ್ನೂ ಸೇರಿಸಿದ ಶಾಖದ ಸಮೀಕರಣ) ರಕ್ತದ ಹರಿವನ್ನು ಸ್ಥಿರ ಎಂದು ಹಿಡಿದರೆ ಅದು ರೇಖೀಯ. ಹಾಗಾಗಿ ತಾಪಮಾನದ ಏರಿಕೆಯೂ ಉದ್ದೀಪನದ ಹರ್ಮಿಷಿಯನ್ ವರ್ಗರೂಪವೇ. ಕ್ಯೂನ 64 ಘಟಕಗಳನ್ನು ಒಂದೊಂದೇ ಶಾಖದ ಮೂಲವಾಗಿ ಕೊಟ್ಟು 64 ಸಲ ಬಿಡಿಸಿದರೆ, ಬೇಕಾದ ಅವಧಿಗೆ ತಾಪಮಾನದ ಮ್ಯಾಟ್ರಿಕ್ಸ್ ಸಿಗುತ್ತದೆ, ಅದನ್ನೂ ವಿಒಪಿಯಂತೆ ಕುಗ್ಗಿಸಬಹುದು. ಇಲ್ಲಿ 10 ಗ್ರಾಂ ಸರಾಸರಿಯದ್ದಲ್ಲ, ಬಿಂದುವಿನ ಕ್ಯೂ ಬಳಸಬೇಕು.

ವ್ಯತ್ಯಾಸ ಸಣ್ಣದಲ್ಲ. ಬೂದು ದ್ರವ್ಯಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ಬೇಗ ತಣಿಯುತ್ತದೆ. ಕಣ್ಣಿನ ಒಳದ್ರವಕ್ಕೆ ರಕ್ತವೇ ಇಲ್ಲ. ಎಸ್‌ಎಆರ್ ಶಿಖರ ಇರುವ ಕಡೆಯೇ ತಾಪಮಾನದ ಶಿಖರ ಇರಬೇಕೆಂದಿಲ್ಲ.

#15 ಅಲೆಯುದ್ದ

ತಾಪಮಾನದ ಮಾದರಿ ಬೇಕು, ಒಪ್ಪುತ್ತೇನೆ. ಆದರೆ ಮಿತಿ ಜಾರಿ ಮಾಡುವುದಕ್ಕೆ ಅದೊಂದನ್ನೇ ನೆಚ್ಚಿಕೊಳ್ಳುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ವಾಹಕತೆ ಜನರಿಂದ ಜನಕ್ಕೆ ಬದಲಾಗುವುದಕ್ಕಿಂತ ರಕ್ತದ ಹರಿವು ಬದಲಾಗುವುದು ಹೆಚ್ಚು: ವಯಸ್ಸು, ಜ್ವರ, ಔಷಧ, ಮಧುಮೇಹ ಎಲ್ಲವೂ ಅದರಲ್ಲಿ ಕೈಯಾಡಿಸುತ್ತವೆ. ಹರಿವು ಸೊನ್ನೆ ಎಂದು ಹಿಡಿದರೆ 10 ವಾಟ್/ಕೆಜಿ, 3,600 ಜೂಲ್/ಕೆಜಿ ಪ್ರತಿ ಡಿಗ್ರಿ ಉಷ್ಣಧಾರಕತೆಯ ಅಂಗಾಂಶವನ್ನು 6 ನಿಮಿಷದಲ್ಲಿ 1 ಡಿಗ್ರಿ ಏರಿಸುತ್ತದೆ. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟು, ಎಸ್‌ಎಆರ್ ಅನ್ನೇ ಮಿತಿಯಾಗಿಡಿ. ತಾಪಮಾನವನ್ನು ಎರಡನೆಯ ಪರಿಶೀಲನೆಯಾಗಿ, ಮುಖ್ಯವಾಗಿ ಕಣ್ಣಿಗೆ, ಓಡಿಸಿ.

#16 ಕಾವುಮಾಪಕ

ಎರಡನ್ನೂ ಓಡಿಸಿ ಕಡಿಮೆ ಪವರ್ ಕೊಡುವುದನ್ನು ಪಾಲಿಸುವುದಾದರೆ ನನ್ನ ತಕರಾರಿಲ್ಲ. ರಕ್ತದ ಹರಿವನ್ನು ಅರ್ಧಕ್ಕಿಳಿಸಿಯೂ ಒಮ್ಮೆ ಬಿಡಿಸಿ ನೋಡಿ, ಯಾವ ಅಂಗಾಂಶ ಅದಕ್ಕೆ ಸೂಕ್ಷ್ಮವೆಂದು ತಕ್ಷಣ ತಿಳಿಯುತ್ತದೆ.

#17 ಸಿಗ್ನಲ್ ಸರಪಳಿ

ಮಿತಿಗಳ ಮಾತು ಬಂದಿದ್ದರಿಂದ: ಐಇಸಿ 60601-2-33 ಪ್ರಕಾರ ಸ್ಥಳೀಯ ಟ್ರಾನ್ಸ್‌ಮಿಟ್ ಕಾಯಿಲ್‌ಗೆ ತಲೆಯಲ್ಲಿ 10 ಗ್ರಾಂ ಸರಾಸರಿ, ಸಾಮಾನ್ಯ ಕ್ರಮದಲ್ಲಿ 10 ವಾಟ್/ಕೆಜಿ, ಮೊದಲ ಹಂತದ ನಿಯಂತ್ರಿತ ಕ್ರಮದಲ್ಲಿ 20. ಇಡೀ ತಲೆಯ ಸರಾಸರಿ 3.2. ಇವು 6 ನಿಮಿಷದ ಸರಾಸರಿ, ಯಾವುದೇ 10 ಸೆಕೆಂಡ್‌ನಲ್ಲಿ ಇದರ ಎರಡು ಪಟ್ಟು ಮೀರಬಾರದು. ಮೇಲ್ವಿಚಾರಣೆಯಲ್ಲಿ ಎರಡೂ ಕಿಟಕಿ ಜಾರುತ್ತ ಸಾಗಬೇಕು. ಪ್ರತಿ 6 ನಿಮಿಷಕ್ಕೊಮ್ಮೆ ಸೊನ್ನೆಯಿಂದ ಎಣಿಸಿದರೆ ಗಡಿಯ ಎರಡೂ ಬದಿಯ ಪಲ್ಸ್‌ಗಳು ಸೇರಿ ಮಿತಿ ದಾಟಿದರೂ ಕಾಣುವುದಿಲ್ಲ.

ಮಾದರಿಯ 1 ವಾಟ್ ಯಾವ ಬಿಂದುವಿನಲ್ಲಿ, ಡೈರೆಕ್ಷನಲ್ ಕಪ್ಲರ್ ಅಳೆಯುವ 1 ವಾಟ್ ಯಾವ ಬಿಂದುವಿನಲ್ಲಿ? ನಡುವಿನ ಕೇಬಲ್, ಟಿಆರ್ (ಪ್ರಸಾರ-ಸ್ವೀಕಾರ) ಸ್ವಿಚ್, ಪ್ಲಗ್ ಸೇರಿ 1 ಡಿಬಿ ನಷ್ಟವಿದ್ದರೆ 20% ಪವರ್ ದಾರಿಯಲ್ಲೇ ಹೋಯಿತು. ಎಂಟು ಚಾನೆಲ್‌ಗೂ ನಷ್ಟವನ್ನೂ ಫೇಸ್ ವಿಳಂಬವನ್ನೂ ಬೇರೆ ಬೇರೆ ಅಳೆಯಿರಿ. ಮಾಪನದಲ್ಲಿ ಫೇಸ್ ಸಿಗದ ಯಂತ್ರವಾದರೆ ಕ್ಯೂನ ಪ್ರತಿ ಅಂಶದ ಪರಿಮಾಣ ಮಾತ್ರ ತೆಗೆದುಕೊಂಡು, ಎಲ್ಲ ಚಾನೆಲ್‌ಗಳೂ ಒಂದೇ ಕಡೆ ಕೂಡುತ್ತವೆ ಎಂದು ಲೆಕ್ಕ ಹಾಕಬೇಕು. ಸುರಕ್ಷಿತ, ಆದರೆ ಪವರ್ ಬಹಳ ಕಡಿಮೆ ಸಿಗುತ್ತದೆ.

#18 ಎಂಟುಕೊಂಬೆ

ಫೇಸ್ ಸಿಗುತ್ತದೆ. ಕೊನೆಯ ಪ್ರಶ್ನೆ: ಫ್ಯಾಂಟಮ್‌ನಲ್ಲಿ (ತಲೆಯ ಬದಲು ಇಡುವ ಪರೀಕ್ಷಾ ವಸ್ತು) ಯಾವ ಪರೀಕ್ಷೆ ಮಾಡಿದರೆ ಮಾದರಿ ಸರಿ ಎನ್ನಬಹುದು? ಬಿ1 ನಕ್ಷೆ ಹೊಂದಿದರೆ ಸಾಕೇ?

#19 ಕಾವುಮಾಪಕ

ಸಾಲದು. ಬಿ1 ನಕ್ಷೆಯಲ್ಲಿ ಕಾಣುವುದು ಕಾಂತಕ್ಷೇತ್ರದ ಒಂದು ಸುತ್ತುವ ಘಟಕ ಮಾತ್ರ, ಎಸ್‌ಎಆರ್ ಬರುವುದು ವಿದ್ಯುತ್ ಕ್ಷೇತ್ರದಿಂದ. ಕಾಯಿಲ್‌ಗೆ ಹತ್ತಿರ, ಕೆಪಾಸಿಟರ್ ಸಂದಿಗಳ ಬಳಿ ಎರಡಕ್ಕೂ ನಂಟು ಕಡಿಮೆ. ಬಿ1 ಹೊಂದದಿದ್ದರೆ ಮಾದರಿ ತಪ್ಪು ಎಂದು ಖಂಡಿತ ಹೇಳಬಹುದು, ಹೊಂದಿದರೆ ಮುಂದಿನ ಪರೀಕ್ಷೆಗೆ ಹೋಗಬಹುದು, ಅಷ್ಟೇ.

ಮುಂದಿನದು ಎಂಆರ್ ಥರ್ಮೋಮೆಟ್ರಿ. ನೀರಿನ ಪ್ರೋಟಾನ್ ಆವರ್ತನ ಡಿಗ್ರಿಗೆ ಸುಮಾರು 0.01 ಪಿಪಿಎಂ ಇಳಿಯುತ್ತದೆ. 298 ಮೆಗಾಹರ್ಟ್ಸ್‌ನಲ್ಲಿ ಅದು 3 ಹರ್ಟ್ಸ್. ಎಕೋ ಸಮಯ 10 ಮಿಲಿಸೆಕೆಂಡ್ ಇದ್ದರೆ ಡಿಗ್ರಿಗೆ ಸುಮಾರು 11 ಡಿಗ್ರಿ ಫೇಸ್. ಅರ್ಧ ಡಿಗ್ರಿ ಏರಿಕೆಯನ್ನೂ ಚೆನ್ನಾಗಿ ನೋಡಬಹುದು. ಫ್ಯಾಂಟಮ್ ಪಿವಿಪಿ (ಪರ್ಮಿಟಿವಿಟಿ ಇಳಿಸುವ ಪಾಲಿಮರ್) ಮತ್ತು ಉಪ್ಪಿನದು, ಅಗರ್ ಹಾಕಿ ಗಟ್ಟಿ ಮಾಡಿದ್ದು. ದ್ರವವಾದರೆ ಬಿಸಿಯಾದದ್ದು ಮೇಲೇರಿ ನಕ್ಷೆ ಕೆಡುತ್ತದೆ. ಪರ್ಮಿಟಿವಿಟಿ, ವಾಹಕತೆ, ಉಷ್ಣಧಾರಕತೆ ಮೂರನ್ನೂ ಆ ದಿನದ ತಾಪಮಾನದಲ್ಲೇ ಅಳೆಯಿರಿ, ಪುಸ್ತಕದ ಬೆಲೆ ಬೇಡ. ಫ್ಯಾಂಟಮ್ ರಾತ್ರಿಯಿಡೀ ಸ್ಕ್ಯಾನರ್ ಕೋಣೆಯಲ್ಲೇ ಇರಲಿ. ಸುತ್ತ ಕೆಲವು ಎಣ್ಣೆಯ ಕೊಳವೆ ಇಡಿ: ಎಣ್ಣೆಯ ಆವರ್ತನ ತಾಪಮಾನಕ್ಕೆ ಅಷ್ಟಾಗಿ ಬದಲಾಗದು, ಮುಖ್ಯ ಕ್ಷೇತ್ರ ಸರಿದದ್ದನ್ನು ಅದರಿಂದ ಕಳೆಯಬಹುದು. ಒಂದು ಫೈಬರ್ ಆಪ್ಟಿಕ್ ಪ್ರೋಬ್ ಒಳಗಿರಲಿ.

ಕೊನೆಯ ತಾಪಮಾನವನ್ನಲ್ಲ, ಆರಂಭದ ಏರುವ ಇಳಿಜಾರನ್ನು ಹೋಲಿಸಿ. ಉಷ್ಣ ಹರಡುವ ಮುಂಚೆ ಇಳಿಜಾರನ್ನು ಉಷ್ಣಧಾರಕತೆಯಿಂದ ಗುಣಿಸಿದರೆ ಎಸ್‌ಎಆರ್ ನೇರ ಸಿಗುತ್ತದೆ.

ಉದ್ದೀಪನಗಳಲ್ಲಿ ಎಂಟೂ ಚಾನೆಲ್ ಒಂದೊಂದಾಗಿ, ಪಕ್ಕಪಕ್ಕದ ಜೋಡಿಗಳು 0, 90, 180, 270 ಡಿಗ್ರಿಯಲ್ಲಿ, ಸಿಪಿ ಮೋಡ್, ಮತ್ತು ಫ್ಯಾಂಟಮ್‌ಗೆ ಲೆಕ್ಕ ಹಾಕಿದ ಅತಿ ಕೆಟ್ಟ ಉದ್ದೀಪನ ಇರಲಿ. 90 ಮತ್ತು 270 ಅದಲುಬದಲಾಗಿ ಹೊಂದಿದರೆ ಕಾಂಜುಗೇಟ್ ತಪ್ಪಿದೆ, ಇಲ್ಲವೇ ಕೇಬಲ್ ಅದಲುಬದಲಾಗಿದೆ.

#20 ತಂತಿಮನೆ

ಒಂದು ಸೇರ್ಪಡೆ. ಕಾಯಿಲ್‌ನಲ್ಲಿ ಕೆಪಾಸಿಟರ್ ಬದಲಾದಾಗ, ಕೇಬಲ್ ಟ್ರ್ಯಾಪ್ ಸರಿದಾಗ, ರಿಸೀವ್ ಕಾಯಿಲ್‌ನ ಸೆಟ್ ಬೇರೆ ಹಾಕಿದಾಗ 8×8 ಎಸ್ ಮ್ಯಾಟ್ರಿಕ್ಸ್ ಮತ್ತೆ ಅಳೆದು, ಮಾದರಿ ಕಟ್ಟುವಾಗ ಉಳಿಸಿಟ್ಟದ್ದರ ಜೊತೆ ಹೋಲಿಸಿ. ಎಷ್ಟು ಬದಲಾದರೆ ಹಳೆಯ ವಿಒಪಿ ನಡೆಯುವುದಿಲ್ಲ ಎಂಬ ಮಿತಿಯನ್ನು ಸರ್ಕ್ಯೂಟ್‌ನಲ್ಲಿ ಕೆಪಾಸಿಟರ್‌ಗಳನ್ನು ಬೇಕೆಂದೇ 2–3% ಆಚೀಚೆ ಮಾಡಿ, 10 ಗ್ರಾಂ ಶಿಖರ ಎಷ್ಟು ಸರಿಯುತ್ತದೆ ಎಂದು ನೋಡಿ ಈಗಲೇ ಬರೆದಿಡಿ. 56 ಪೋರ್ಟ್‌ನ ಕ್ಷೇತ್ರಗಳನ್ನು ಮಾತ್ರ ಅಳಿಸಬೇಡಿ. 2 ಮಿ.ಮೀ.ನಲ್ಲಿ ಒಂದು ತಲೆಗೆ 750 ಎಂಬಿ ಆಗುತ್ತದೆ, ಅದಿದ್ದರೆ ಹೊಸ ಟ್ಯೂನಿಂಗ್‌ಗೆ ಹೊಸ ವಿಒಪಿ ಅದೇ ದಿನ ಸಿಗುತ್ತದೆ.